ಹೇಳದೆ ತೊಳೆದ ಕೈ

ಗುರುವಾರ, ಮಧ್ಯಾಹ್ನ ಮೂರೂವರೆ
ನರ್ಸುಗಳು ಬಟ್ಟೆ ಬದಲಾಯಿಸುವ ಕೋಣೆಯಿಂದ

ಮಗಳೇ,

ಆಶೀರ್ವಾದವನ್ನು ಮೊದಲೇ ಬರೆದುಬಿಡುತ್ತೇನೆ. ಕಾಗದದ ಕೊನೆಯ ತನಕ ಆ ಮನಸ್ಸು ಉಳಿಯುತ್ತದೆಂಬ ಭರವಸೆ ನನಗಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಅನ್ನುತ್ತೇನೆ, ಊಟ ಆಯ್ತಾ ಎಂದು ಕೇಳಿಕೊಂಡು ಇಬ್ಬರೂ ಇಟ್ಟುಬಿಡುತ್ತೇವೆ. ಅದಕ್ಕೇ ಇದು. ಹಿಂಬದಿಯಲ್ಲಿ ಯಾರದೋ ಜ್ವರದ ಗೆರೆಗಳಿವೆ, ಗಾಬರಿಯಾಗಬೇಡ. ಹೊಸ ಆಡಳಿತದವರು ಹಳೆಯ ಚಾರ್ಟುಗಳನ್ನೆಲ್ಲ ಮೂಟೆ ಕಟ್ಟಿ ಕಸಕ್ಕೆ ಇಟ್ಟಿದ್ದಾರೆ.

ನಿನ್ನೆ ಸಂಜೆ ಫಲಿತಾಂಶ ಬಂತು. ಅಭ್ಯರ್ಥಿ ನಲವತ್ತೇಳು, ಮೂವತ್ತಕ್ಕೆ ಹದಿನಾಲ್ಕು, ಅನುತ್ತೀರ್ಣ. ಪರೀಕ್ಷಕರ ಜಾಗದಲ್ಲಿ ನಿನ್ನ ಸಹಿ. ಆ ಮೊದಲಕ್ಷರದ ಸುಳಿಯನ್ನು ಸ್ಲೇಟಿನ ಮೇಲೆ ನಿನಗೆ ತಿದ್ದಿಸಿದವಳು ನಾನು. ಅರ್ಧ ಗಂಟೆ ಬಿಟ್ಟು ನಿನ್ನ ಸಂದೇಶ: ‘ಅಮ್ಮಾ, ಬೇಜಾರ್ ಮಾಡ್ಕೋಬೇಡ. ಸೋಮವಾರ ಇನ್ನೊಂದು ಅವಕಾಶ ಇದೆ. ಭಾನುವಾರ ಮನೆಗೆ ಬಾ, ಹೇಗೆ ಮಾತಾಡ್ಬೇಕು ಅಂತ ಹೇಳ್ಕೊಡ್ತೀನಿ.’ ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದಳಂತೆ. ನಮ್ಮಲ್ಲಿ ಒಂದು ತಲೆಮಾರು ಕಡಿಮೆ, ಅಷ್ಟೆ.

ನಾನು ಆ ಪರೀಕ್ಷೆಗೆ ಹೇಗೆ ಬಂದೆ ಎಂದು ನೀನು ಕೇಳಲಿಲ್ಲ. ನಮ್ಮ ದೊಡ್ಡ ಡಾಕ್ಟರು ನರ್ಸಿಂಗ್ ಹೋಮನ್ನು ಮಾರಿದ್ದು ನಿನಗೆ ಗೊತ್ತು. ಕೊಂಡವರು ಮೊದಲ ದಿನವೇ ನಮ್ಮನ್ನೆಲ್ಲ ನಿಲ್ಲಿಸಿ, ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಎಲ್ಲರೂ ಹೊಸದಾಗಿ ಅರ್ಜಿ ಹಾಕಿ, ಪರೀಕ್ಷೆಯಲ್ಲಿ ಪಾಸಾಗಿ ಎಂದರು. ನನ್ನ ವಾರ್ಡಿನ ಕೆಲಸಕ್ಕೆ ನಾನೇ ಅರ್ಜಿ ಹಾಕಿದೆ. ಅನುಭವ ಎಂಬಲ್ಲಿ ಇಪ್ಪತ್ತಾರು ವರ್ಷ ಎಂದು ಬರೆದರೆ ಕೌಂಟರಿನ ಹುಡುಗಿ, ‘ಅಷ್ಟೊಂದು ಹಾಕ್ಬೇಡಿ ಮೇಡಂ, ಕಂಪ್ಯೂಟರ್ ತಗೊಳ್ಳಲ್ಲ. ಐದು ಅಂತ ಹಾಕಿ’ ಅಂದಳು. ಉಳಿದ ಇಪ್ಪತ್ತೊಂದನ್ನ ಏನ್ ಮಾಡ್ಲಿ ಎಂದು ಕೇಳಿದೆ. ‘ಅದು ನಿಮ್ಹತ್ರನೇ ಇರ್ಲಿ’ ಅಂದಳು. ಒಳ್ಳೆಯ ಹುಡುಗಿ, ತಮಾಷೆಗೆ ಅಂದದ್ದಲ್ಲ.

ಈ ರಸ್ತೆಯಲ್ಲಿ ಆರು ಆಸ್ಪತ್ರೆಗಳಿವೆ. ಆರರ ಗೇಟಿಗೂ ‘ನರ್ಸುಗಳು ಬೇಕಾಗಿದ್ದಾರೆ’ ಎಂಬ ಬೋರ್ಡು. ಒಂದೊಂದರ ಮೆಟ್ಟಿಲನ್ನೂ ಹತ್ತಿ ಇಳಿದೆ. ಎಲ್ಲರದೂ ಒಂದೇ ಮಾತು, ಪರೀಕ್ಷೆಯ ಅಂಕಪಟ್ಟಿ ತನ್ನಿ. ಆ ಪಟ್ಟಿ ಕೊಡುವುದು ಊರಿಗೆಲ್ಲ ನಿಮ್ಮ ಸಂಸ್ಥೆ ಒಂದೇ. ಸೋಮವಾರ ಇನ್ನೊಮ್ಮೆ ಬಿದ್ದರೆ ಒಂದು ವರ್ಷ ಈ ಊರಿನ ಯಾವ ವಾರ್ಡೂ ನನ್ನನ್ನು ಒಳಗೆ ಬಿಡುವುದಿಲ್ಲ. ವರ್ಷ ಕಳೆದರೆ ನನಗೆ ಐವತ್ತೆರಡು. ಆಮೇಲೆ ಯಾರು ಬಿಡುತ್ತಾರೆ?

ನೀನು ಕಚೇರಿಯಲ್ಲಿ ಕಾಗದಪತ್ರ ನೋಡುತ್ತೀಯ ಎಂದುಕೊಂಡಿದ್ದೆ. ಗಾಜಿನ ಕೋಣೆಯ ಬಾಗಿಲು ತಳ್ಳಿದರೆ ಮಾಸ್ಕ್ ಹಾಕಿಕೊಂಡು ನೀನೇ ಕೂತಿದ್ದೆ. ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದ ಒಂದು ಪ್ಲಾಸ್ಟಿಕ್ ಕೈ, ಒಂದು ಗಡಿಯಾರ, ನೀನು. ‘ನಮಸ್ಕಾರ ಮೇಡಂ, ನಿಮ್ಮ ಸಂಖ್ಯೆ ಹೇಳಿ’ ಅಂದೆ. ನಾನು ನಲವತ್ತೇಳು ಅಂದೆ. ಹನ್ನೆರಡಕ್ಕೆ ಜ್ವರ ಇಳಿದಿಲ್ಲ, ಏಳು ಮನೆಗೆ ಹೋಯಿತು ಎಂದು ಇಷ್ಟು ವರ್ಷ ಹಾಸಿಗೆಯ ಸಂಖ್ಯೆಯಿಂದ ಜನರನ್ನು ಕರೆದವಳು ನಾನು. ಮಲಗಿದವರ ಕಿವಿಗೆ ಅದು ಹೇಗೆ ಬೀಳುತ್ತದೆ ಎಂದು ಅವತ್ತು ತಿಳಿಯಿತು.

ನೀನು ಅಲ್ಲಿ ಅಮ್ಮಾ ಅನ್ನಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಅಂದಿದ್ದರೆ ನನ್ನನ್ನು ಬೇರೆ ಟೇಬಲಿಗೆ ಕಳಿಸುತ್ತಿದ್ದರು, ನಿನಗೆ ಮೇಲಿನವರಿಂದ ಮಾತು ಬರುತ್ತಿತ್ತು. ನಾನೂ ಮಗಳೇ ಅನ್ನಲಿಲ್ಲ. ಅಷ್ಟರ ಮಟ್ಟಿಗೆ ಇಬ್ಬರದೂ ಸಮಸಮ.

ಆದರೆ ಕೈ? ಅಂಕಪಟ್ಟಿಯ ಎರಡನೆಯ ಸಾಲು, ‘ಕೈ ತೊಳೆದದ್ದು: ಇಲ್ಲ’. ನಿನ್ನ ಎದುರಿನ ನಲ್ಲಿಯಲ್ಲಿ ತೊಳೆದೆ. ಬೆರಳ ಸಂದು, ಹೆಬ್ಬೆರಳ ಬುಡ, ಮಣಿಕಟ್ಟು. ಒರೆಸಿಕೊಳ್ಳುವ ಕಾಗದವನ್ನು ನೀನೇ ಎಳೆದು ಕೊಟ್ಟೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ, ನಿಮ್ಮಲ್ಲಿ ತೊಳೆದ ಅಂಗೈಗೆ ಧ್ವನಿವರ್ಧಕ ಬೇಕು. ‘ನಾನು ಈಗ ಕೈ ತೊಳೆಯುತ್ತಿದ್ದೇನೆ’ ಎಂದು ಬಾಯಿಬಿಟ್ಟು ಹೇಳದಿದ್ದರೆ ತೊಳೆದಿಲ್ಲ. ಹೆಸರು ಕೇಳಿದ್ದು ಇಲ್ಲ, ನೋವಾಗಬಹುದು ಎಂದು ತಿಳಿಸಿದ್ದು ಇಲ್ಲ. ಮಗಳೇ, ಪ್ಲಾಸ್ಟಿಕ್ಕಿಗೆ ನೋವಾಗಬಹುದು ಎಂದು ಯಾವ ಬಾಯಲ್ಲಿ ಹೇಳಲಿ? ನರಕ್ಕೆ ಸೂಜಿ ಹಾಕುವ ಎಂಟು ನಿಮಿಷದ ಕೆಲಸವನ್ನು ಮೂರರಲ್ಲಿ ಮುಗಿಸಿ ನಿಂತಿದ್ದೆ. ನೀನು ಗಡಿಯಾರ ನೋಡುತ್ತಾ ಉಳಿದ ಐದು ನಿಮಿಷ ಕಾದೆ. ನಾನು ಮಾತಾಡಲಿ ಎಂದು ಕಾಯುತ್ತಿದ್ದೆಯೆಂದು ಈಗ ಹೊಳೆಯುತ್ತಿದೆ. ಹೊಳೆದರೂ ಸಿಟ್ಟು ಇಳಿಯುತ್ತಿಲ್ಲ.

ನಮ್ಮ ವಾರ್ಡಿನ ಆಯಾಗೆ ಎಷ್ಟು ಬಂತು ಗೊತ್ತೇ? ಇಪ್ಪತ್ತೊಂಬತ್ತು. ಅವಳ ಬಾಯಿ ನಿನಗೆ ಗೊತ್ತಲ್ಲ, ರೋಗಿ ಮಲಗಿದ್ದರೂ ಪೊರಕೆಯ ಜೊತೆ ಮಾತಾಡುವವಳು. ಬಕೆಟ್ ಇಟ್ಟದ್ದು, ಬಟ್ಟೆ ಹಿಂಡಿದ್ದು, ಮೂಲೆಯಿಂದ ಬಾಗಿಲಿಗೆ ಒರೆಸಿದ್ದು, ಎಲ್ಲವನ್ನೂ ಹೇಳಿಕೊಂಡೇ ಮಾಡಿದಳಂತೆ, ನಡುವೆ ಪರೀಕ್ಷಕರಿಗೆ ಕಾಲೆತ್ತಲು ಹೇಳಿದಳಂತೆ. ‘ಸಿಸ್ಟರ್, ಹುಟ್ಟಿದಾಗಿಂದ ನಾನು ಇದೇ ಪರೀಕ್ಷೆಗೆ ಓದ್ತಾ ಇದ್ದೆ ಅನ್ಸುತ್ತೆ’ ಅಂದಳು. ನಕ್ಕೆ. ಅವಳು ನಗಲಿಲ್ಲ. ‘ನೀವು ಯಾಕೆ ಬಾಯಿ ಹೊಲ್ಕೊಂಡು ಕೂತ್ರಿ? ಮಗಳ ಮುಂದೆ ಬಿಗುಮಾನವಾ?’ ಎಂದು ಎಲ್ಲರೆದುರು ಕೇಳಿದಳು. ನೀನು ಅಲ್ಲಿದ್ದ ಸುದ್ದಿ ಅವಳಿಗೆ ಹೇಗೋ ಮುಟ್ಟಿದೆ. ಇಲ್ಲ ಅಂದೆ. ಇರಬಹುದು.

ಇನ್ನೊಂದು ಬರೆಯಲೇಬೇಕು, ಇಲ್ಲದಿದ್ದರೆ ಈ ಸಿಟ್ಟು ಪ್ರಾಮಾಣಿಕವಾಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ನನ್ನ ಕಣ್ಣೆದುರೇ ರೋಗಿಗೆ ಇಂಜೆಕ್ಷನ್ ಕೊಟ್ಟಳು, ಚಾರ್ಟಿನಲ್ಲಿ ಬರೆಯುವುದನ್ನು ಮರೆತಳು. ಬರೆಯದಿದ್ದರೆ ಕೊಟ್ಟಿಲ್ಲ ಎಂದು ನಾನು ಅವಳಿಗೆ ಮೆಮೊ ಕೊಡಿಸಿದೆ. ‘ನೀವೇ ನೋಡಿದ್ರಲ್ಲ ಸಿಸ್ಟರ್’ ಎಂದು ಅತ್ತಳು. ನಾನು ನೋಡಿದ್ದು ಲೆಕ್ಕಕ್ಕಿಲ್ಲ ಎಂದೆ. ನಿನಗೆ ಈ ಕತೆಯನ್ನು ಹೆಮ್ಮೆಯಿಂದಲೇ ಹೇಳಿದ್ದೆ, ಅಡುಗೆಮನೆಯಲ್ಲಿ, ನೀನು ಕೆಲಸಕ್ಕೆ ಸೇರುವ ಹಿಂದಿನ ದಿನ. ಚೆನ್ನಾಗಿ ಕಲಿತಿದ್ದೀಯ. ಆ ಹುಡುಗಿ ತಿಂಗಳೊಳಗೆ ಕೆಲಸ ಬಿಟ್ಟಳು. ಎಲ್ಲಿದ್ದಾಳೋ, ಅವಳಿಗೂ ನಿಮ್ಮಲ್ಲಿ ಒಂದು ಸಂಖ್ಯೆ ಸಿಕ್ಕಿರಬಹುದು.

ನರ್ಸಿಂಗ್ ಓದುವಾಗ ನೀನು ಮೊದಲ ಸೂಜಿ ಚುಚ್ಚಿದ್ದು ನನ್ನ ಕೈಗೆ. ಅದೇ ಅಡುಗೆಮನೆಯ ಮೇಜಿನ ಮೇಲೆ, ಒಂದಲ್ಲ ಮೂರು ಸಲ ತಪ್ಪಿ, ನಾಲ್ಕನೆಯದರಲ್ಲಿ ಸಿಕ್ಕಿತು. ನೀನು ಅಳುತ್ತಿದ್ದೆ, ನಾನು ಇನ್ನೊಮ್ಮೆ ಅನ್ನುತ್ತಿದ್ದೆ. ಒಂದು ವಾರ ವಾರ್ಡಿನಲ್ಲಿ ಮೊಣಕೈ ಮುಚ್ಚುವ ತೋಳಿನ ಅಂಗಿ ಹಾಕಿಕೊಂಡು ಓಡಾಡಿದೆ. ಮೊನ್ನೆ ನಿನ್ನ ಮುಂದೆ ನಿಂತಾಗ ಅದನ್ನು ಹೇಳಿಬಿಡಬೇಕೆಂದು ನಾಲಗೆ ತುದಿಗೆ ಬಂತು. ಅದಕ್ಕೆ ನಿಮ್ಮ ಪಟ್ಟಿಯಲ್ಲಿ ಎಷ್ಟು ಅಂಕವೋ.

ಭಾನುವಾರ ಬರುವುದಿಲ್ಲ. ನಿನ್ನ ಕನ್ನಡಿಯ ಮುಂದೆ ನಿಂತು ‘ನಾನು ಈಗ ಕೈಗವಸು ಹಾಕುತ್ತಿದ್ದೇನೆ’ ಎಂದು ಕಲಿಯಲಾರೆ. ಸೋಮವಾರ ಒಂಬತ್ತಕ್ಕೆ ಬರುತ್ತೇನೆ. ಎಲ್ಲವನ್ನೂ ಹೇಳುತ್ತೇನೆ, ಗೋಡೆಗೂ ಕೇಳುವ ಹಾಗೆ ಹೇಳುತ್ತೇನೆ. ಪ್ಲಾಸ್ಟಿಕ್ಕಿನ ಹೆಸರು ಕೇಳುತ್ತೇನೆ, ಅದರ ಕ್ಷಮೆಯನ್ನೂ ಕೇಳುತ್ತೇನೆ. ನೀನು ನಗಬಾರದು.

ಇನ್ನು ನಾಲ್ಕು ದಿನದ ಮಟ್ಟಿಗೆ ಸಿಸ್ಟರ್,
ನಿನ್ನ ಅಮ್ಮ

ತಾ. ಕ.: ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಪಟ್ಟಿಯ ಒಂಬತ್ತನೆಯ ಸಾಲು ನೋಡು. ‘ಬೆರಳಿನಿಂದ ನರ ಗುರುತಿಸಿದ್ದು’, ನಾಲ್ಕಕ್ಕೆ ನಾಲ್ಕು ಕೊಟ್ಟಿದ್ದೀಯ. ಕೈಕೆಲಸದಲ್ಲಿ ನಾನು ನಿಜವಾಗಿ ಮಾಡದೆ ಬಿಟ್ಟದ್ದು ಅದೊಂದನ್ನೇ. ಎಡಗೈಯ ಎರಡು ಬೆರಳ ತುದಿ ಮರಗಟ್ಟಿ ವರ್ಷವಾಯಿತು. ಯಾರಿಗೂ ಹೇಳಿಲ್ಲ. ವಾರ್ಡಿನಲ್ಲಿ ‘ನೀನೇ ಹಾಕು, ಕೈ ಪಳಗಲಿ’ ಎಂದು ಸೂಜಿಯನ್ನು ಕಿರಿಯರಿಗೆ ಕೊಟ್ಟುಬಿಡುತ್ತೇನೆ. ಸಿಸ್ಟರ್ ಎಷ್ಟು ಚೆನ್ನಾಗಿ ಕಲಿಸುತ್ತಾರೆ ಎಂದು ಅವರು ಹೇಳಿಕೊಂಡು ತಿರುಗುತ್ತಾರೆ. ನಿಮ್ಮ ಪ್ಲಾಸ್ಟಿಕ್ ಕೈಯಲ್ಲಿ ಹಿಂದಿನವರು ಚುಚ್ಚಿದ ತೂತುಗಳು ಸಾಲಾಗಿ ಕಾಣುತ್ತಿದ್ದವು. ಬೆರಳನ್ನು ಸುಮ್ಮನೆ ಇಟ್ಟು ತೆಗೆದು, ಸೂಜಿಯನ್ನು ಆ ತೂತಿಗೇ ಹಾಕಿದೆ. ಸೋಮವಾರ ನನ್ನನ್ನು ಬೇರೆ ಟೇಬಲಿಗೆ ಕಳಿಸಬೇಡ. ಯಾರೂ ಚುಚ್ಚದ ಹೊಸ ಕೈ ಇಡು.