ಕೈಲೆ ಕೂಡಿಸಿದ ಸ್ಟಿಕ್

ಅಕ್ಟೋಬರ್ 14, 2024. ಬೆಳಿಗ್ಗೆ

ಮಗ್ಗಕ್ಕೆ ಕೂತೆ. ಅರ್ಧ ಮೊಳ ಆಗುವುದರೊಳಗೆ ಅಫ್ಸರಣ್ಣನ ಫೋನು. ಅವನ ಸ್ನೂಕರ್ ಪಾರ್ಲರ್ ಇಳಕಲ್ ಬಿಟ್ಟು ಹುನಗುಂದಕ್ಕೆ ಹೋಗುತ್ತದೆಯಂತೆ. ಭಾನುವಾರ ಲಾರಿ. ಹಳೆ ಸ್ಟಿಕ್ಕುಗಳನ್ನು ಯಾರಿಗೋ ಕೊಡುವ ಮೊದಲು ನಿಮ್ಮ ಮನೆಯವರದ್ದು ಒಯ್ಯಿರಿ ಅಂದ. ಇವರು ತೀರಿಹೋಗಿ ಎರಡು ತಿಂಗಳು... ಅದೊಂದು ಮನೆಗೆ ಬರಬೇಕು.

ಸಂಜೆ

ಪಾರ್ಲರಿಗೆ ಹೋದೆ. ಅಫ್ಸರಣ್ಣ ಹುನಗುಂದಕ್ಕೆ ಹೋಗಿದ್ದ. ಇವರ ಗೆಳೆಯ ಶಂಕರಲಿಂಗ ಇದ್ದ. ಗೋಡೆಗೆ ಸಾಲು ಸ್ಟಿಕ್, ಎಲ್ಲಕ್ಕೂ ಒಂದೇ ಹೊಳಪು. ಅವನು ಕಲ್ಲಿನ ಫ್ಯಾಕ್ಟರಿಯಲ್ಲಿ ಪಾಲಿಶ್ ಮಾಡುವವನು. ಇವರ ನೆನಪಿಗೆ ಅಂತ ಮಹಾನವಮಿಯ ಖಂಡೆ ಪೂಜೆಗೆ ಎಲ್ಲವನ್ನೂ ತಿಕ್ಕಿ ಪಾಲಿಶ್ ಹೊಡೆದಿದ್ದಾನೆ. ಇವರು ಕೊರೆದ ಹೆಸರೂ ಹೋಗಿದೆ, ಯಾವುದು ಇವರದ್ದೋ ಅವನಿಗೂ ಗುರುತು ಸಿಗಲಿಲ್ಲ. ತಲೆ ತಗ್ಗಿಸಿ ನಿಂತ. ಹೇಗೆ ಬೈಯಲಿ? ಯಾರು ಯಾರಿಗಾಗಿ ಅಷ್ಟು ತಿಕ್ಕುತ್ತಾರೆ?

ಎಲ್ಲಕ್ಕಿಂತ ನೆಟ್ಟಗಿದ್ದುದನ್ನು ಆರಿಸಿ ಮನೆಗೆ ತಂದೆ. ಅದೇ ಇರಬೇಕು.

ಅಕ್ಟೋಬರ್ 17

ನಾನು ತಂದದ್ದು ಇವರದ್ದಲ್ಲ ಅನ್ನಿಸುತ್ತಿದೆ. ಹಳೆ ಬಾಗಲಕೋಟೆ ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮುಂಚೆ ಅಲ್ಲಿಯ ಕ್ಲಬ್ಬಿನಿಂದ ಮಾವನವರು ತಂದ ಸ್ಟಿಕ್ ಇವರದ್ದು. "ನಿನ್ನ ಸೆರಗಿನಂಗ ಇದನ್ನೂ ಕೈಲೆ ಕೂಡಿಸ್ಯಾರ" ಅನ್ನುತ್ತಿದ್ದರು ಇವರು. ಹ್ಞೂಂ ಅಂದು ನೇಯುತ್ತಿದ್ದೆ, ನೋಡಲಿಲ್ಲ. ಸೀರೆಯ ಮೈಗೂ ಸೆರಗಿಗೂ ನಾವು ಎಳೆಗೆ ಎಳೆ ಕೊಂಡಿ ಹಾಕುತ್ತೇವೆ. ಮುಟ್ಟಿದರೆ ಗೊತ್ತಾಗುತ್ತದೆ. ಈಗ ತಂದದ್ದರಲ್ಲಿ ಕರಿ ಕಟ್ಟಿಗೆ ಬಿಳಿ ಕಟ್ಟಿಗೆಗೆ ಸೇರುವಲ್ಲಿ ಎಲ್ಲ ಅಳೆದಿಟ್ಟಂತೆ. ಕೈಕೆಲಸದ ಗುರುತು ಕಾಣುವುದಿಲ್ಲ.

ಅಕ್ಟೋಬರ್ 18

ತಿರುಗಿ ಒಯ್ದೆ. ಅಫ್ಸರಣ್ಣ ನಗಲಿಲ್ಲ. ಹಿಡಿಕೆಯಿಂದ ಮೇಲಕ್ಕೆ ಏರುವ ಕರಿ ಮೊನೆಗಳನ್ನು ತೋರಿಸಿದ.

"ಮಶೀನಿಂದು ನಾಕೂ ಮೊನಿ ಸೂಜಿಯಂಗ, ಒಂದ ಎತ್ತರ. ಕೈಲೆ ಮಾಡಿದ್ದು ದುಂಡಗ ಇರ್ತಾವ ವೈನಿ. ಒಂದು ಮ್ಯಾಲ, ಒಂದು ಕೆಳಗ."

ಒಂದೊಂದೇ ನೋಡಿದೆವು. ಮೂಲೆಯದರಲ್ಲಿ ಸಿಕ್ಕಿತು. ದುಂಡು ಮೊನೆ, ಎತ್ತರ ಹೆಚ್ಚು ಕಡಿಮೆ. ಟೇಬಲ್ ಮೇಲೆ ಉರುಳಿಸಿದ. ಕುಣಿಯಿತು. ಡೊಂಕು! ಅದಕ್ಕೇ ಮೊನ್ನೆ ಬಿಟ್ಟು ಹೋಗಿದ್ದೆ.

ಶಂಕರಲಿಂಗ ಅದನ್ನೇ ನೋಡುತ್ತ ನಿಂತ. "ಸೋತಾಗೆಲ್ಲ ಸ್ಟಿಕ್ ಡೊಂಕ ಐತಿ ಅಂತಿದ್ದ. ನಾವು ನಂಬಿದ್ದಿಲ್ರಿ."

ನಕ್ಕೆ. ಅವರೂ ನಕ್ಕರು. ಮೂವರೂ ಕಣ್ಣು ಒರೆಸಿಕೊಂಡೆವು. ಇಂಥವರು ಇವರಿಗೆ ಇದ್ದರಲ್ಲ — ಬಸವಣ್ಣಾ, ಶರಣು.

ಇವರ ಆಟ ನಾನು ಒಮ್ಮೆಯೂ ನೋಡಿಲ್ಲ ಅಂದೆ. ಟೇಬಲ್ ಬಿಚ್ಚುವ ಮುಂಚೆ ಬರ್ರಿ ಅಂದ ಅಫ್ಸರಣ್ಣ.

ಅಕ್ಟೋಬರ್ 20

ಲಾರಿ ಹೋಯಿತು. ಸ್ಟಿಕ್ ಮನೆಯಲ್ಲಿದೆ.

ಬೆಳಿಗ್ಗೆ ಪಾರ್ಲರಿಗೆ ಹೋದಾಗ ಅಫ್ಸರಣ್ಣ ಆಡಿ ತೋರಿಸುತ್ತಾನೆ ಅಂದುಕೊಂಡಿದ್ದೆ. ಸ್ಟಿಕ್ ನನ್ನ ಕೈಗೇ ಕೊಟ್ಟ. "ನೀವ ಹೊಡೀರಿ ವೈನಿ."

ಸೆರಗು ಸಿಕ್ಕಿಸಿ ಬಗ್ಗಿದೆ. ಚೆಂಡು ಎತ್ತಲೋ ಹೋಯಿತು. ಶಂಕರಲಿಂಗ ಅದನ್ನು ತಿರುಗಿ ತಂದಿಟ್ಟ. ಇನ್ನೊಮ್ಮೆ ಬಗ್ಗಿದೆ. ಅಷ್ಟು ಪಾಲಿಶ್ ಆದರೂ ಹಿಡಿಕೆಯಲ್ಲಿ ಒಂದು ಕಡೆ ತುಸು ತಗ್ಗು. ಇವರ ಹೆಬ್ಬೆರಳು ಸವೆಸಿದ್ದು. ನನ್ನದು ತಾನಾಗಿ ಹೋಗಿ ಅಲ್ಲಿ ಕೂತಿತು, ಮತ್ತೆ ನಾನು ಹೊಡೆದೆ.