ಕರೆಯುವ ಹಸುಗಳು ಸಂತೆಗೆ ಬಂದ ವರ್ಷ

ಪ್ರೀತಿಯ ಕುಂಬೊ,

ದಕೋರೊ ಸಂತೆಯಲ್ಲಿ ನೀನು ಹಾಲು ಮಾರಲು ಕೂರುತ್ತಿದ್ದ ಬೇವಿನ ಮರದ ಕೆಳಗೆ ಈ ವರ್ಷ ಯಾರೋ ಪ್ಲಾಸ್ಟಿಕ್ ಚಪ್ಪಲಿ ಹರಡಿಕೊಂಡಿದ್ದಾನೆ. ನನಗೆ ಅವನ ಮೇಲೆ ಸುಮ್ಮಸುಮ್ಮನೆ ಸಿಟ್ಟು. ಇದನ್ನು ಮಗಳ ಕೈಲಿ ನಿಧಾನವಾಗಿ ಓದಿಸಿಕೊ, ಕೇಳಬೇಕಾದ್ದು ಬಹಳ ಇದೆ.

ನನಗೆ ಬೆಲೆಗಳ ಹುಚ್ಚು, ನಿನಗೆ ಗೊತ್ತು. ಶೇಂಗಾ ಹಿಂಡಿ ಮಾರುವವಳಿಗೆ ಹಿಂಡಿಯ ಬೆಲೆ ಗೊತ್ತಿದ್ದರೆ ಸಾಕು ಎನ್ನುತ್ತಾರೆ ಜನ. ಆದರೆ ಶೇಂಗಾ ಯಾಕೆ ಏರಿತು, ಸಜ್ಜೆ ಏರಿದಾಗ ಆಡು ಯಾಕೆ ಅಗ್ಗವಾಯಿತು, ಬಕ್ರೀದಿನ ಟಗರು ಮಾತ್ರ ಯಾಕೆ ಯಾರ ಮಾತನ್ನೂ ಕೇಳುವುದಿಲ್ಲ, ಇವೆಲ್ಲ ತಿಳಿಯದಿದ್ದರೆ ನನಗೆ ಊಟ ಸೇರದು. ರೇಡಿಯೊದವರು ವಾರವಾರ ಬೆಲೆ ಓದುತ್ತಾರೆ, ಕಾರಣ ಹೇಳುವುದಿಲ್ಲ. ಕಾರಣ ಹೇಳಿದವಳು ನೀನು. "ಏ ಬೆಲೆಹುಚ್ಚಿ, ಬೆಲೆ ಬಿಡೇ, ಮಾರೋಕೆ ಬಂದಿರೋ ದನ ನೋಡು. ಹೋರಿ ಬಂದಿದ್ರೆ ಯಾರ್ದೋ ಮದುವೆ. ಕರೆಯೋ ಹಸು ಬಂದಿದ್ರೆ ಅಡವೀಲಿ ಹುಲ್ಲಿಲ್ಲ, ಗುಡಾರದಲ್ಲಿ ಕಾಳಿಲ್ಲ ಅಂತ. ಅವತ್ತೇ ಸಜ್ಜೆ ತಗೊಂಡಿಟ್ಕೊ!"

ಈ ಸಲ ಚಳಿ ಮುಗಿಯುವ ಮೊದಲೇ ಕರೆಯುವ ಹಸುಗಳು ಬಂದವು. ನಾನು ಶೇಂಗಾ ಎಣ್ಣೆ ಮಾರಿ ಕಣಜದ ತುಂಬ ಸಜ್ಜೆ ಹಾಕಿಸಿದೆ. ನೀನಂದಂತೆಯೇ ಬೆಲೆ ಏರಿತು, ನಾನು ಬೀಗಿದೆ. ಆ ಹಸುಗಳು ಯಾರವು ಎಂಬ ಒಂದು ಪ್ರಶ್ನೆ ಮಾತ್ರ ನನಗೆ ಹೊಳೆಯಲೇ ಇಲ್ಲ.

ಕಳೆದ ಶುಕ್ರವಾರ ಕಟುಕರ ಸಾಲಿನಿಂದ ಒಂದು ಕೆಂಪು ಹಸು ಹಗ್ಗ ಜಗ್ಗಿಕೊಂಡು ಬಂದು ನನ್ನ ಹಿಂಡಿ ಬುಟ್ಟಿಗೆ ಬಾಯಿ ಹಾಕಿತು. ದಲ್ಲಾಳಿ ಲವಾಲಿ ನಕ್ಕ: "ಏನಕ್ಕಾ ದೇಲು, ಹಸೂಗೂ ನಿಂಗೂ ನೆಂಟಸ್ತಿಕೇನಾ?"

ಮುರಿದ ಎಡಗೊಂಬು ನೋಡಿದೆ. ಪ್ರತಿವರ್ಷ ನನ್ನ ಕೈಯಿಂದಲೇ ಹಿಂಡಿ ತಿಂದ ನಿನ್ನ ಹಸು ವೊದೆಯೆ! ಹಗ್ಗ ಹಿಡಿದಿದ್ದ ನಿನ್ನ ಮೈದುನ ತಲೆ ಎತ್ತಲಿಲ್ಲ. "ಅತ್ತಿಗೇಗೆ ಉಳಿದಿದ್ದು ಇದೊಂದೇ. ಮಕ್ಕಳಿಗೆ ಕಾಳು ಬೇಕಲ್ಲಕ್ಕಾ" ಅಂದ.

ಕಟುಕ ರೇಗಿದ, ಲವಾಲಿ ಗೊಣಗಿದ. ನಾನು ಕಣಜದ ಸಜ್ಜೆ ಕೊಟ್ಟು ವೊದೆಯೆಯನ್ನು ಮನೆಗೆ ಹೊಡೆದುಕೊಂಡು ಬಂದೆ. ಮಳೆಗೆ ಮುಂಚೆ ಸಜ್ಜೆ ಇನ್ನೂ ಏರುತ್ತಿತ್ತು, ನಿಜ. ಏರಿಕೊಳ್ಳಲಿ ಬಿಡು. ನಿನ್ನ ಮೈದುನ ನಾಳೆ ಆ ಸಜ್ಜೆಯನ್ನು ಒಂಟೆಗಳ ಮೇಲೆ ಹೇರಿಕೊಂಡು ಹೊರಡುತ್ತಾನೆ, ಈ ಪತ್ರವನ್ನೂ ಅವನೇ ತರುತ್ತಾನೆ.

ನಿಮ್ಮವರಲ್ಲಿ ಗೆಳತಿಗೆ ಹಸು ಕಟ್ಟಿಕೊಡುವ ಪದ್ಧತಿ ಇದೆಯಲ್ಲ? ಮೊದಲ ಮೂರು ಕರು ಅವಳಿಗೆ, ಆಮೇಲೆ ತಾಯಿ ಹಸುವನ್ನು ಕೊಟ್ಟವಳಿಗೆ ಮರಳಿಸಬೇಕು. ಅದನ್ನು ಕೇಳಿದಾಗಿನಿಂದ ನಿನ್ನನ್ನು ಪೀಡಿಸಿದ್ದೇನೆ: "ಅಲ್ವೇ, ಇದ್ರಲ್ಲಿ ಲಾಭ ಯಾರಿಗೆ?" ನೀನು ಸುಮ್ಮನೆ ನಕ್ಕು ಹಾಲು ಅಳೆಯುತ್ತಿದ್ದೆ.

ವೊದೆಯೆ ಈಗ ನನ್ನ ಅಂಗಳದಲ್ಲಿ ಹಿಂಡಿ ಮೆಲ್ಲುತ್ತಿದ್ದಾಳೆ. ಅಡವಿಯಲ್ಲಿ ಹುಲ್ಲು ಚಿಗುರಿದಾಗ ಬಂದು ಕರೆದುಕೊಂಡು ಹೋಗು. ಅವಳನ್ನು ನಿನಗೆ ಕಟ್ಟಿಕೊಡುತ್ತಿದ್ದೇನೆ. ಮೂರು ಕರು ನಿನ್ನವು. ಆಮೇಲೆ ತಾಯಿಯನ್ನು ಮರಳಿಸಲು ನೀನು ನನ್ನ ಬಾಗಿಲಿಗೆ ಬರಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ. ಲಾಭ ಯಾರಿಗೆಂದು ನನಗೀಗ ಗೊತ್ತಾಯಿತು ಕಣೇ.

ಆ ಚಪ್ಪಲಿಯವನನ್ನು ಬೇವಿನ ಮರದಡಿಯಿಂದ ನಾನು ಎಬ್ಬಿಸುತ್ತೇನೆ. ಈ ಸಲದ ಮೊದಲ ಮಳೆ ನಿನ್ನ ಗುಡಾರದ ಕಡೆಗೇ ಬೀಳಲಿ, ನಿನ್ನ ಸೋರೆಬುರುಡೆಯಲ್ಲಿ ಹಾಲು ನೊರೆಯುಕ್ಕಲಿ.

ನಿನ್ನ ಜಾಗ ಕಾಯುತ್ತಿರುವ,
ಬೆಲೆಹುಚ್ಚಿ ದೇಲು