ಐದಕ್ಕೆ ನಾಲ್ಕು

ಮಾರ್ಚ್ 3, ಮಧ್ಯಾಹ್ನ 2.10

ಇವತ್ತೂ ನರ ಬೇಗ ಸಿಗಲಿಲ್ಲ. ಮೂರನೇ ಚುಚ್ಚಿಗೆ ಸಿಕ್ಕಿತು. ರೋಗ ಇರುವ ಕಡೆ ಸ್ಕ್ಯಾನಿನಲ್ಲಿ ಹೊಳೆಯುವ ಸಕ್ಕರೆ ಮದ್ದು ಒಳಗೆ. ಆಮೇಲೆ ಒಂದು ಗಂಟೆ ಮಿಸುಕಬಾರದು, ಮಾತಾಡಬಾರದು. “ನಗಲೂಬಾರದು” ಎಂದಳು ಸಿಸ್ಟರ್, ನನ್ನ ಮುಖ ನೋಡಿ. ಅನುಭವಸ್ಥೆ. ಹೋದ ಸಲ ನಾಲಿಗೆ ಚಾಚಿ ಹೆಣದಂತೆ ಮಲಗಿ ಅವಳನ್ನು ಕಿರುಚಿಸಿದ್ದೆ.

ಲಿಂಫೋಮಾ. ಎರಡು ಸುತ್ತು ಕೀಮೋ ಮುಗಿಯಿತು. ಔಷಧಿ ನಾಟಿತೋ ಇಲ್ಲವೋ, ಮುಂದೆ ನನ್ನ ಗತಿಯೇನು — ಈ ನಡುವಿನ ಸ್ಕ್ಯಾನೇ ಹೇಳುತ್ತದಂತೆ. ಬೆಳಗ್ಗೆ ಮನೆ ಬಿಡುವಾಗ ಅಮ್ಮನಿಗೆ ಘನಗಂಭೀರವಾಗಿ ವಿವರಿಸಿದ್ದೆ:

“ಅರ್ಧವಾರ್ಷಿಕ ಪರೀಕ್ಷೆ, ತಾಯೀ.”

“ಓದಿದೀಯೇನೋ?”

“ಒಂದಕ್ಷರ ಇಲ್ಲ.”

“ಹುಟ್ಟುಗುಣ.”

ಮಾರ್ಚ್ 5, ಬೆಳಗ್ಗೆ

ನಾನು, ಅಣ್ಣ. ಡಾಕ್ಟರು ಪರದೆ ತಿರುಗಿಸಿದರು. ಮೊದಲ ಸ್ಕ್ಯಾನಿನಲ್ಲಿ ಕುತ್ತಿಗೆಯಿಂದ ಎದೆವರೆಗೆ ಬೆಳಕೇ ಬೆಳಕು. ಈಗ ಎರಡೇ ಚುಕ್ಕೆ.

“ಕಮ್ಮಿ ಆಗಿದೆಯಲ್ಲ ಸಾರ್?” ಅಣ್ಣ.

“ಆಗಿದೆ. ಆದ್ರೂ ಲಿವರ್‌ಗಿಂತ ಜಾಸ್ತಿ ಹೊಳೀತಿದೆ. ಸ್ಕೋರ್ ನಾಲ್ಕು. ಒಂದೋ ಎರಡೋ ಬಂದಿದ್ರೆ ಧೈರ್ಯವಾಗಿ ಮಾತಾಡ್ತಿದ್ದೆ. ಐದು ತೀರಾ ಕೆಟ್ಟದ್ದು.”

“ನಾಲ್ಕು?”

ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. “ಔಷಧಿ ಬದಲಾಯಿಸೋಣ. ಸ್ಟ್ರಾಂಗ್ ಕೊಡೋಣ.”

ಕೇಳಿದ್ದೊಂದು, ಉತ್ತರ ಇನ್ನೊಂದು. ನಾನೂ ಪರೀಕ್ಷೆಯಲ್ಲಿ ಹಾಗೇ ಬರೀತಿದ್ದೆ.

ಅದೇ ದಿನ, ಸಂಜೆ

ಬಾಗಿಲಲ್ಲೇ ಅಮ್ಮ. “ಎಷ್ಟು ಬಂತೋ?”

“ಐದಕ್ಕೆ ನಾಲ್ಕು.”

ಮುಂದಿನ ವಾಕ್ಯ ನಾಲಿಗೆ ತುದಿಯಲ್ಲಿತ್ತು. ಆಣೆ ಮಾಡ್ತೀನಿ, ಇತ್ತು. ಅಷ್ಟರಲ್ಲಿ ತಬ್ಬಿಕೊಂಡುಬಿಟ್ಟಳು. “ನನ್ನ ಕತ್ತೆಗೆ ಜನ್ಮದಲ್ಲಿ ಮೊದಲ ಸಲ ಎಂಬತ್ತು ಪರ್ಸೆಂಟು!”

ಚಪ್ಪಲಿ ಬಿಚ್ಚಲು ಬಗ್ಗಿದ ಅಣ್ಣ ಮೇಲೇಳಲೇ ಇಲ್ಲ.

ಮಾರ್ಚ್ 6

ಚಿಕ್ಕಮ್ಮನಿಗೆ ಫೋನ್ ಹೋಯಿತು. ಇಸ್ತ್ರಿ ಅಂಗಡಿಯವನೂ ಕಂಗ್ರಾಟ್ಸ್ ಹೇಳಿದ.

“ಹೇಳಿಬಿಡೋ” — ಅಣ್ಣ.

“ದೊಡ್ಡವನು ನೀನು. ನೀನೇ ಹೇಳು.”

“ಪರೀಕ್ಷೆ ಅಂತ ಶುರು ಮಾಡಿದ್ದು ಯಾರು?”

ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ. ಬಾಯಿ ಮಾತ್ರ ಬಿಡುತ್ತಿಲ್ಲ.

ಮಾರ್ಚ್ 9

ನಾಳೆ ಅಡ್ಮಿಟ್.

“ಪಾಸಾದವನಿಗೆ ಆಸ್ಪತ್ರೆ ಯಾಕೋ?”

“ಮೇಲಿನ ಕ್ಲಾಸಿಗೆ ಹಾಕಿದಾರಮ್ಮ. ಹಾಸ್ಟೆಲ್ ಕಡ್ಡಾಯ.”

ನಕ್ಕಳು. ಪೂರ್ತಿ ನಗಲಿಲ್ಲ.

ಏಪ್ರಿಲ್ 21, ಮಧ್ಯಾಹ್ನ

ಆರು ವಾರ ಪೆನ್ನು ಹಿಡಿಯಲು ಬೆರಳು ಕೇಳಲಿಲ್ಲ. ಮತ್ತೆ ಸ್ಕ್ಯಾನ್. ಹೊಟ್ಟೆಯಲ್ಲೂ ಹೊಸ ಬೆಳಕು.

ಅಮ್ಮ ಮಂಚದ ಪಕ್ಕ ಕಿತ್ತಳೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. “ಎಷ್ಟು ಬಂತೋ?”

ಗಂಟಲು ಸರಿಮಾಡಿಕೊಂಡೆ. ಬಹುಮಾನ ಘೋಷಿಸುವ ದನಿ. “ಐದಕ್ಕೆ ಐದು!”

ತೊಳೆಯ ನಾರು ಒಂದೊಂದೇ ತೆಗೆದಳು. ಬಹಳ ಹೊತ್ತು ತೆಗೆದಳು.

“ಅಡ್ಮಿಟ್ ಆದ ದಿನಾನೇ ನಾಲ್ಕು ಅಂದ್ರೇನು ಅಂತ ಸಿಸ್ಟರ್‌ನ ಕೇಳಿದ್ದೆ ಕಣೋ… ಸ್ಕೂಲಲ್ಲಿ ಎಲ್ಲದರಲ್ಲೂ ಒಂದೊಂದೇ ಮಾರ್ಕ್ಸು ತರ್ತಿದ್ಯಲ್ಲೋ. ಇಲ್ಲೂ ಒಂದು ತರೋಕೆ ನಿನಗೆ ಏನಾಗಿತ್ತು?”

ಜೋಕು ಹೇಳಲು ಬಾಯಿ ತೆರೆದೆ. ತೊಳೆ ಇಟ್ಟಳು. ಅವಳ ಬೆರಳು ನನ್ನ ತುಟಿ ಮೇಲೇ ಉಳಿಯಿತು.